ಬ್ರೇಕಿನ ಸಣ್ಣ ಸ್ಕ್ರೂ

ಸ್ಕ್ರೂ ಮತ್ತೆ ಬಿದ್ದಿತ್ತು. ಪಕ್ಕದ ಹಳ್ಳಿ ಮಾಗಡಿಯ ಹಾಲಿನ ಹುಚ್ಚೀರಪ್ಪ ಕ್ಯಾನುಗಳ ಸಮೇತ ಸೈಕಲ್ಲನ್ನು ಅಂಗಡಿಯ ಮುಂದೆ ಸ್ಟ್ಯಾಂಡಿಗೆ ನಿಲ್ಲಿಸಿ, ತಪ್ಪು ತನ್ನದೇ ಎನ್ನುವ ಹಾಗೆ ಟವೆಲಿನ ತುದಿಯಿಂದ ಮೂಗು ಒರೆಸಿಕೊಳ್ಳುತ್ತ ನಿಂತಿದ್ದ. ಮುಂದಿನ ಬ್ರೇಕಿನ ಎರಡು ಸರಳುಗಳು ಜಗಳಾಡಿದ ಗಂಡಹೆಂಡಿರಂತೆ ಒಂದನ್ನೊಂದು ಬಿಟ್ಟು ಜೋತುಬಿದ್ದಿದ್ದವು. ಸೈಕಲ್ ರಿಪೇರಿಯ ಮರ್ದಾನಸಾಬ ಗೆಳೆಯನ ಮುಖ ನೋಡದೆ ಸರಳುಗಳನ್ನೇ ನೋಡಿದ. ಈ ಚಳಿ ಬಿದ್ದಾಗಿನಿಂದ ಲಕ್ಷ್ಮೇಶ್ವರದ ಸೈಕಲ್ಲುಗಳಿಗೆಲ್ಲ ಇದೊಂದೇ ಬ್ಯಾನಿ. ಇಂದು ಹಾಕಿಸಿಕೊಂಡು ಹೋದ ಸ್ಕ್ರೂ ನಾಲ್ಕು ದಿನಕ್ಕೆ ಮಾಯ. ಹೊಸದು ಹಾಕಿದರೆ ಅದೂ ಮಾಯ. ಅವನು ಗದಗಿನಿಂದ ತರಿಸಿದ ಡಬ್ಬಿಯನ್ನು ಬೈದ, ಡಬ್ಬಿ ಕಳಿಸಿದವನನ್ನು ಬೈದ, ಈಗಿನ ಕಬ್ಬಿಣದಲ್ಲಿ ಸತ್ವವೇ ಉಳಿದಿಲ್ಲವೆಂದು ಉಗುಳಿದ. ಹುಚ್ಚೀರಪ್ಪ ಎಲ್ಲದಕ್ಕೂ ಹೂಂ ಅಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾವೆಲ್ಲ ಆ ಮಾತಿಗೆ ನಗುತ್ತೇವೆ. ಆದರೆ ನಿನಗೆ ಕುಣಿಯಲು ಬರುವುದಿಲ್ಲ ತಾಯಿ ಎಂದು ಆಕೆಗೆ ಯಾರಾದರೂ ಹೇಳಿದ್ದರೋ ಇಲ್ಲವೋ. ಪಾಪ, ಹೇಳಿರಲಿಕ್ಕಿಲ್ಲ.

ಬ್ರೇಕು ಕೂಡಿಸುವುದೇನು ದೊಡ್ಡ ವಿದ್ಯೆಯಲ್ಲ. ಹ್ಯಾಂಡಲಿನಿಂದ ಇಳಿದ ಒಂದು ಸರಳು, ಗಾಲಿಯ ರಬ್ಬರಿನಿಂದ ಏರಿ ಬಂದ ಇನ್ನೊಂದು ಸರಳು, ಎರಡೂ ಸೇರುವಲ್ಲಿ ಬೆರಳಿನಷ್ಟು ಕೊಳವೆ, ಆ ಕೊಳವೆಗೆ ಕಡಲೆಕಾಳಿನಂಥ ತಲೆಯ ಒಂದು ಸಣ್ಣ ಸ್ಕ್ರೂ. ಸ್ಕ್ರೂ ಸಡಿಲಿಸಿದರೆ ಸರಳು ಮೇಲೆ ಕೆಳಗೆ ಆಡುತ್ತದೆ. ಮೇಲೆಳೆದರೆ ರಬ್ಬರು ಗಾಲಿಗೆ ಹತ್ತಿರ, ಕೆಳಗಿಳಿಸಿದರೆ ದೂರ. ಎಷ್ಟು ಹತ್ತಿರ, ಎಷ್ಟು ದೂರ ಎಂದು ಹೇಳುವ ಅಳತೆಪಟ್ಟಿ ಮಾತ್ರ ಯಾವ ಪೇಟೆಯಲ್ಲೂ ಸಿಗುವುದಿಲ್ಲ. ಅದು ಕೈಗೇ ತಿಳಿಯಬೇಕು. ಮರ್ದಾನಸಾಬನ ಅಪ್ಪ ಯಮನೂರಸಾಬ ಸೈಕಲ್ಲಿನ ಮಾಲಕನಿಗೆ ಬ್ರೇಕು ಹಿಡಿದು ನೋಡಲು ಬಿಡುತ್ತಿರಲಿಲ್ಲ. ಮಾಲಕನ ಕೈ ಒಂದು ದಿನ ಅಂಜಿಕೊಂಡು ಹಿಡಿಯುತ್ತದೆ, ಒಂದು ದಿನ ಸೊಕ್ಕಿನಿಂದ ಹಿಡಿಯುತ್ತದೆ, ಆ ಕೈಯನ್ನು ನಂಬಿದರೆ ಬ್ರೇಕು ಕೆಡುತ್ತದೆ ಎನ್ನುತ್ತಿದ್ದ. "ನಿನ್ನ ಕೈ ಒಂದಾ ನಮೂನಿ ಇರಬೇಕು. ಊರ ಮಂದಿ ನಿನ್ನ ಕೈ ನಂಬಿ ಇಳಿಜಾರಿಗೆ ಬಿಡತಾರ." ಹೇಳುವಾಗ ಅಪ್ಪ ಮಗನ ಮುಷ್ಟಿಯನ್ನು ತನ್ನ ಮುಷ್ಟಿಯೊಳಗೆ ಹಿಡಿದು ಹಿಚುಕುತ್ತಿದ್ದ. ನೋವಾಗುತ್ತಿತ್ತು. ಆ ನೋವಿನಲ್ಲಿ ಒಂದು ಸುಖವೂ ಇತ್ತು. ಅಂದಿನಿಂದ ಈ ಅಂಗಡಿಯಲ್ಲಿ ಬ್ರೇಕು ಹಿಡಿದು ನೋಡಿದ ಕೈ ಮರ್ದಾನಸಾಬನದು ಒಂದೇ.

ಮರ್ದಾನಸಾಬ ಹೊಸ ಸ್ಕ್ರೂ ಏರಿಸಿ, ಸರಳು ಎಳೆದು, ಬ್ರೇಕು ಹಿಡಿದ. ಗಾಲಿ ನಿಲ್ಲಲಿಲ್ಲ. ಇನ್ನಷ್ಟು ಎಳೆದ, ಹಿಡಿದ, ನಿಧಾನಕ್ಕೆ ನಿಂತಿತು. ಮತ್ತಿಷ್ಟು ಎಳೆದ ಮೇಲೆ ಗಾಲಿ ಗಪ್ಪನೆ ನಿಂತಿತು, ಮನಸ್ಸಿಗೆ ಸಮಾಧಾನವಾಯಿತು. ಸ್ಕ್ರೂವಿನ ತಲೆಗೆ ಪಾನಾ ಹಚ್ಚಿ ಮೈಭಾರ ಹಾಕಿ ಬಿಗಿದ. ಪಾನಾಕ್ಕೆ ಮೈಭಾರ ಸಾಕು, ಬರಿಯ ಮುಷ್ಟಿಯ ಕೆಲಸ ಬ್ರೇಕು ಹಿಡಿಯುವುದೊಂದೇ. ಬೆರಳುಗಳು ಮರಗಟ್ಟಿದ್ದವು, ಚಳಿ ನೋಡು ಎಂದು ಅವುಗಳನ್ನು ಬಾಯಿಯ ಹತ್ತಿರ ಹಿಡಿದು ಊದಿಕೊಂಡ. ಆಮೇಲೆ ಗಾಲಿಯನ್ನು ಸುಮ್ಮನೆ ತಿರುಗಿಸಿಬಿಟ್ಟ. ಕಡ್ಡಿಗಳು ಕರಗಿ ಬೆಳ್ಳನೆಯ ಮಂಜಾದವು, ಮಂಜಿನಾಚೆ ಎದುರಿನ ಕಾಳಿನ ಅಂಗಡಿ, ಚೀಲದ ಮೇಲೆ ಕೂತ ಹಮಾಲ, ಬೀದಿಯ ಬಿಸಿಲು ಎಲ್ಲ ತೇಲಿದವು. ರಬ್ಬರು ಗಾಲಿಗೆ ಸವರುವ ಸಣ್ಣ ಸದ್ದು ಬರುತ್ತಿತ್ತು, ಸ್ಸ್, ಸ್ಸ್. ಈಚೆಗೆ ಎಲ್ಲ ಗಾಲಿಗಳಿಂದಲೂ ಬರುವ ಸದ್ದು ಅದು. ಅವನಿಗೆ ಅದು ಇಷ್ಟವಾಗತೊಡಗಿತ್ತು. ನಸುಕಿನಲ್ಲಿ ಮಾಗಡಿ ಕೆರೆಯ ಕಡೆಯಿಂದ ಹೊಲಗಳಿಗೆ ಮೇಯಲು ಹೋಗುವ ದೊಡ್ಡ ಬಾತುಗಳು ಮನೆಯ ಮೇಲೆ ಹಾರಿದರೆ ರೆಕ್ಕೆಗಳಿಂದ ಅಂಥದೇ ಸದ್ದು ಬೀಳುತ್ತದೆ. ಯಾವ ಪರದೇಶದಿಂದ ಹಾರಿ ಬರುತ್ತವೋ, ಅವಕ್ಕೆ ಬ್ರೇಕು ಇರುತ್ತದೋ ಇಲ್ಲವೋ, ನೀರಿನ ಮೇಲೆ ಇಳಿಯುವಾಗ ಕಾಲು ಮುಂದೆ ಚಾಚಿ ಹೆಂಗೆ ನಿಲ್ಲುತ್ತವೆ ಎಂದು ಅವನು ಯೋಚಿಸುತ್ತಿದ್ದಾಗ ಹುಚ್ಚೀರಪ್ಪ ಚೊಲೋ ಆತು ಎಂದು ಹೇಳಿ ಸೈಕಲ್ಲು ಹತ್ತಿದ್ದ.

ಖಾಲಿ ಕ್ಯಾನುಗಳು ಲಟಪಟ ಅನ್ನುತ್ತ ದೂರವಾದವು. ಬೀದಿಯ ಕೊನೆಯ ತಿರುವಿನಲ್ಲಿ ಆ ಸದ್ದು ನಿಲ್ಲುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಕೇಳುತ್ತದೆ. ಅಲ್ಲಿ ಪಾಳುಬಿದ್ದ ವಾಡೆಯ ಗೋಡೆಯೊಂದಿದೆ, ಸದ್ದಿಗೆ ಅಡ್ಡ ಬರುತ್ತದೆ ಎಂದು ಮರ್ದಾನಸಾಬ ತಿಳಿದಿದ್ದ. ಅಂಗಡಿಯ ಬೋರ್ಡಿನ ಮೇಲೆ ಬಿಸಿಲು ಬಿದ್ದಿತ್ತು. ಹೊಸ ಜಿಲ್ಲೆ ಆದಾಗ 'ಧಾರವಾಡ' ಅಳಿಸಿ 'ಗದಗ' ಬರೆಸಿದ್ದರೂ ಈ ಹೊತ್ತಿನ ಓರೆ ಬಿಸಿಲಿಗೆ ಹಳೆಯ ಅಕ್ಷರಗಳು ಬಣ್ಣದ ಅಡಿಯಿಂದ ಎದ್ದು ಬರುತ್ತವೆ, ಅಪ್ಪ ಸ್ವತಃ ಬರೆದ ಅಕ್ಷರಗಳು. ಅವನ್ನು ನೋಡುತ್ತಲೇ ಕಟ್ಟೆಯ ಮೇಲೆ ಹುಚ್ಚೀರಪ್ಪ ಮರೆತುಹೋದ ಕ್ಯಾನಿನ ಮುಚ್ಚಳ ಕಣ್ಣಿಗೆ ಬಿತ್ತು. ಅದನ್ನು ಎತ್ತಿಕೊಂಡು, ಅಂಗಡಿಯನ್ನು ಹಾಗೇ ಬಿಟ್ಟು, ಮರ್ದಾನಸಾಬ ಲಗುಲಗು ನಡೆದ.

ವಾಡೆಯ ಗೋಡೆಯ ಆಚೆ ಒಂದು ಬೇವಿನ ಮರ. ಮರದ ಕೆಳಗೆ ಹುಚ್ಚೀರಪ್ಪ ಕುಕ್ಕರಗಾಲಿನಲ್ಲಿ ಕೂತಿದ್ದ. ಕರೆಯಬೇಕೆಂದು ಬಾಯಿ ತೆರೆದ ಮರ್ದಾನಸಾಬ ಹಾಗೇ ನಿಂತುಬಿಟ್ಟ. ಹುಚ್ಚೀರಪ್ಪನ ಕೈಯಲ್ಲಿ ಒಂದು ಇಕ್ಕಳವಿತ್ತು. ಹಲ್ಲು ಸವೆದು ಹಿಡಿಕೆಗೆ ಸೈಕಲ್ ಟ್ಯೂಬು ಸುತ್ತಿದ ಆ ಇಕ್ಕಳ ಮರ್ದಾನಸಾಬನದೇ. ಇನ್ನು ಕೆಲಸಕ್ಕೆ ಬಾರದೆಂದು ಅವನೇ ಒಂದು ದಿನ ಗೆಳೆಯನಿಗೆ ಕೊಟ್ಟುಬಿಟ್ಟಿದ್ದ. ಹುಚ್ಚೀರಪ್ಪ ಈಗಷ್ಟೇ ಬಿಗಿದ ಸ್ಕ್ರೂವನ್ನು ಅದರಿಂದ ಸಡಿಲಿಸಿ, ಸರಳನ್ನು ಕೆಳಗಿಳಿಸಿ, ಗಾಲಿ ತಿರುಗಿಸಿ ಕಿವಿಗೊಟ್ಟು ಕೇಳಿ, ಮತ್ತೆ ಬಿಗಿಯಲು ನೋಡುತ್ತಿದ್ದ. ಸವೆದ ಹಲ್ಲು ಜಾರುತ್ತಿತ್ತು. ಅವನ ಹಿಂದೆ, ನಳದ ಮುಂದೆ ಕೊಡ ಹಿಡಿದು ಪಾಳಿ ಕಾಯುವವರ ಹಾಗೆ, ಅಂಗನವಾಡಿಯ ಶಿವಲಕ್ಷ್ಮಿ ತನ್ನ ಸೈಕಲ್ಲು ಹಿಡಿದು ನಿಂತಿದ್ದಳು. ನಿನ್ನೆ ಸಂಜೆ ಅವಳದಕ್ಕೂ ಮರ್ದಾನಸಾಬ ಹೊಸ ಸ್ಕ್ರೂ ಹಾಕಿದ್ದ. ಅವಳ ಮೊಣಕೈಗೆ ಪಟ್ಟಿ ಕಟ್ಟಿತ್ತು. ಏನವ್ವಾ ಅದು ಎಂದು ಕೇಳಿದ್ದಕ್ಕೆ ಬಚ್ಚಲಲ್ಲಿ ಜಾರಿದೆನೆಂದು ಹೇಳಿದ್ದಳು, ಅವನು ನಕ್ಕು, ಪಾಚಿಗೆ ಬೂದಿ ಹಾಕಿ ತಿಕ್ಕಬೇಕೆಂದು ಬುದ್ಧಿ ಹೇಳಿದ್ದ.

"ಮರ್ದಾನ ಕಾಕಾರಿಗೆ ಒಮ್ಮೆ ಹೇಳಿಬಿಡೂಣ್ರಿ ಯಪ್ಪಾ," ಎಂದಳು ಅವಳು. "ಮೊನ್ನೆ ಇಳಿಜಾರಿನ್ಯಾಗ ಸ್ಕ್ರೂ ಉಚ್ಚಿ ಬಿದ್ದು, ಬ್ರೇಕ್ ಹಿಡಿದ್ರ ಕೈಯಾಗ ಏನೂ ಇಲ್ಲ. ಮೊಣಕೈ ಮ್ಯಾಲ ಹೋತು. ತಲಿ ಮ್ಯಾಲ ಬಂದಿದ್ರ?"

ಹುಚ್ಚೀರಪ್ಪ ಇಕ್ಕಳವನ್ನು ಮತ್ತೆ ಸ್ಕ್ರೂಗೆ ಕಚ್ಚಿಸಿದ. ಇಕ್ಕಳ ಇನ್ನೊಮ್ಮೆ ಜಾರಿತು.

"ಅವನ ಮುಷ್ಟಿಯಾಗ ಶಕ್ತಿ ಹೋಗೇತವ್ವಾ. ತನ್ನ ಕೈಗೆ ಬ್ರೇಕ್ ಹತ್ತೂತನಕ ಬಿಗೀತಾನ, ನಮಗ ಗಾಲಿ ಉರುಳಂಗಿಲ್ಲ. ಇಷ್ಟ ಸಡ್ಲ ಮಾಡ್ಕೊಂಡು ಹೋದ್ರ ಮುಗೀತು. ಇದ್ದದ್ದೊಂದು ಕೈ, ಅದೂ ಹೋತಂತ ಅವಗ ಯಾರ ಹೇಳಬೇಕು? ನಿನಗ ಬಾಯಿ ಬರತೈತೇನು?"

ಅವಳು ನೆಲ ನೋಡಿದಳು. ಬೇರೆ ಅಂಗಡಿಗಾದರೂ ಹೋಗಬಹುದಲ್ಲ ಎಂದಳು. ಹೋದರೆ ಆಮೇಲೆ ಅವನ ಮುಂದೆ ಯಾವ ಮುಖ ಹೊತ್ತು ಹಾಯುವುದು ಎಂದು ಹುಚ್ಚೀರಪ್ಪ ಕೇಳಿದ. ಅವಳ ಪಾಳಿ ಬಂತು. ಕೆಲಸ ಮುಗಿದ ಮೇಲೆ ಹುಚ್ಚೀರಪ್ಪ ಇಕ್ಕಳವನ್ನು ಗೋಡೆಯ ಒಂದು ಸಂದಿನೊಳಗೆ, ದೇವರ ಮಾಡದಲ್ಲಿ ದೀಪ ಇಟ್ಟಷ್ಟು ಜೋಪಾನವಾಗಿ ಇಟ್ಟ. ಇಬ್ಬರೂ ಹೋದರು.

ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದ ಮರ್ದಾನಸಾಬನಿಗೆ ಮೊದಲು ಬಂದದ್ದು ಸಿಟ್ಟು. ನನ್ನ ಕೆಲಸವನ್ನು ಬಿಚ್ಚಲು ಇವರ್ಯಾರು? ಆಮೇಲೆ ಸಿಟ್ಟು ನಿಲ್ಲಲು ಜಾಗ ಸಿಗದೆ ಇಳಿದುಹೋಯಿತು. ಮರದ ಕೆಳಗೆ ಹೋಗಿ ನೋಡಿದ. ಧೂಳಿನಲ್ಲಿ ಅಲ್ಲೊಂದು ಇಲ್ಲೊಂದು ಏನೋ ಮಿನುಗುತ್ತಿತ್ತು. ಅವನ ಸ್ಕ್ರೂಗಳೇ. ಸಡಿಲಿಸುವಾಗ ಜಾರಿ ಬಿದ್ದು ಸಿಗದೆ ಹೋದವು, ಬೇವಿನ ಒಣ ಎಲೆಗಳ ನಡುವೆ ತಣ್ಣಗೆ ಮಲಗಿದ್ದವು. ಇವರಿಬ್ಬರೇ ಅಲ್ಲ, ಊರೇ ಇಲ್ಲಿ ನಿಂತು ಹೋಗುತ್ತದೆ. ಬಗ್ಗಿ ಒಂದನ್ನು ಎತ್ತಲು ಹೋದ. ಹೆಬ್ಬೆರಳು ತೋರುಬೆರಳು ಕೂಡಿದವು, ಸ್ಕ್ರೂ ಮೇಲೆ ಬರಲಿಲ್ಲ. ಮತ್ತೆ ಹಿಡಿದ, ಮಣ್ಣಷ್ಟೇ ಬಂತು. ಬಿಸಿಲು ಬೆನ್ನನ್ನು ಚುರುಗುಟ್ಟಿಸುತ್ತಿತ್ತು. ಚಳಿ ಎಂದು ಸುಳ್ಳು ಹೇಳಿಕೊಳ್ಳಲೂ ಆಗದಷ್ಟು ಬಿಸಿಲು. ಕೊನೆಗೆ ಅಂಗೈಯಿಂದ ಧೂಳಿನ ಸಮೇತ ಗೋರಿ, ಕ್ಯಾನಿನ ಮುಚ್ಚಳದೊಳಗೆ ಹಾಕಿಕೊಂಡು, ಹಿಂದಿನಿಂದ ಯಾರೋ ನೋಡುತ್ತಿದ್ದಾರೆ ಎನ್ನುವ ಹಾಗೆ ಅವಸರದಲ್ಲಿ ಎದ್ದ. ಗೋಡೆಯ ಸಂದಿನ ಇಕ್ಕಳವನ್ನು ಮಾತ್ರ ಮುಟ್ಟಲಿಲ್ಲ. ಅದು ಅವನದಾಗಿ ಉಳಿದಿರಲಿಲ್ಲ.

ಊಟಕ್ಕೆ ಮನೆಗೆ ಹೋಗುವಾಗ ದಾರಿಯಲ್ಲಿ ಸಿಕ್ಕವರು ಸಲಾಮು ಮಾಡಿದರು, ನಮಸ್ಕಾರ ಅಂದರು. ಅವನಿಗೆ ಎಲ್ಲರ ಕಣ್ಣೂ ತನ್ನ ಬಲಗೈಯ ಮೇಲೆಯೇ ಬಿದ್ದ ಹಾಗಾಗಿ ಕೈಯನ್ನು ಜುಬ್ಬದ ಕಿಸೆಯೊಳಗೆ ಇಟ್ಟುಕೊಂಡ. ಹೋದ ತಿಂಗಳು ರಂಜಾನ್ ಈದಿನ ನಮಾಜು ಮುಗಿದಿತ್ತು, ಈದಗಾದ ಬಯಲಲ್ಲಿ ಜನ ಒಬ್ಬರನ್ನೊಬ್ಬರು ತಬ್ಬಿ ಕೈಗೆ ಕೈ ಕೊಡುತ್ತಿದ್ದರು. ಮರ್ದಾನನ ಕೈಗೆ ಸಿಕ್ಕರೆ ಆಮೇಲೆ ಬೆರಳು ಎಣಿಸಿಕೊಳ್ಳಬೇಕು ಎಂದು ವರ್ಷವೂ ಯಾರಾದರೂ ಚಾಷ್ಟಿ ಮಾಡುತ್ತಿದ್ದರು, ಸುತ್ತಲಿದ್ದವರು ನಗುತ್ತಿದ್ದರು. ಈ ಸಲ ಯಾರೂ ಆ ಮಾತು ಆಡಲಿಲ್ಲ. ಅವನ ಕೈಯನ್ನು ಎರಡೂ ಅಂಗೈಗಳ ನಡುವೆ ಇಟ್ಟುಕೊಂಡು, ಹಕ್ಕಿಮರಿ ಹಿಡಿದವರ ಹಾಗೆ ಹಗುರಾಗಿ ಬಿಟ್ಟಿದ್ದರು. ವಯಸ್ಸಿಗೆ ಮರ್ಯಾದೆ ಕೊಡುತ್ತಿದ್ದಾರೆಂದು ಅವನು ಹಿಗ್ಗಿದ್ದ. ಎಂಥ ಹುಚ್ಚ ನಾನು! ಈದಗಾದ ಬಿಸಿಲೂ ಈ ಬೀದಿಯ ಬಿಸಿಲೂ ಒಂದೇ ಆಗಿ, ಎಲ್ಲಿ ನಡೆಯುತ್ತಿದ್ದೇನೆ ಎಂಬುದು ಒಂದು ಕ್ಷಣ ಮರೆತು, ಅವನು ತನ್ನ ಮನೆಯ ಬಾಗಿಲು ದಾಟಿ ಎರಡು ಮನೆ ಮುಂದೆ ಹೋಗಿಬಿಟ್ಟಿದ್ದ.

ಹಸೀನಾಬಿ ರೊಟ್ಟಿ, ಪಲ್ಯ ಇಟ್ಟು ಉಪ್ಪಿನಕಾಯಿಯ ಬರಣಿಯನ್ನು ಗಂಡನ ಮುಂದೆ ಸರಿಸಿದಳು. ಮುಚ್ಚಳ ತಿರುಗಿಸುವುದು ಯಾವಾಗಲೂ ಅವನ ಕೆಲಸ. ಮದುವೆಯಾದ ಹೊಸದರಲ್ಲಿ ಅವಳ ಕೈಯಿಂದ ಬಾರದ ಮುಚ್ಚಳವನ್ನು ಅವನು ಒಂದೇ ತಿರುವಿಗೆ ತೆಗೆದು ಮೀಸೆಯೊಳಗೆ ನಕ್ಕಿದ್ದ, ಅಂದಿನಿಂದ ಬರಣಿ ಅವನ ಮುಂದೆಯೇ ಬರುತ್ತದೆ. ಮುಚ್ಚಳದ ಮೇಲೆ ಅಂಗೈ ಇಟ್ಟ. ಸರಕ್ಕನೆ ತಿರುಗಿತು. ಇಷ್ಟು ಸಲೀಸಾಗಿ ತಿರುಗುವ ಮುಚ್ಚಳದ ಬಗ್ಗೆ ಇಷ್ಟು ದಿನ ತನಗೆ ಒಂದು ಅನುಮಾನವೂ ಬರಲಿಲ್ಲವಲ್ಲ. ಅವನು ಹೆಂಡತಿಯ ಕಡೆ ನೋಡಿದ. ಅವಳು ಒಲೆಯ ಮುಂದೆ ಬೆನ್ನು ಮಾಡಿ ಕೂತು ಇನ್ನೊಂದು ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಕೈ ನಿಂತಿತು. ಮನೆಯೊಳಗೆ ಅವರದು ಉರ್ದು. ಮೊದಲೇ ಸಡಿಲ ಮಾಡಿ ಇಡುತ್ತೀಯೇನು ಎಂದು ಅವನು ಮೆಲ್ಲಗೆ ಕೇಳಿದ. ಅವಳು ತಿರುಗದೆ, ರೊಟ್ಟಿ ಆರುತ್ತದೆ ಉಣ್ಣು ಎಂದಳು. ಯಾವಾಗಿನಿಂದ ಎಂದು ಕೇಳಿದ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು, ಹೊಗೆ ಅಂದಳು. ಒಲೆಯಲ್ಲಿ ಹೊಗೆಯೇ ಇರಲಿಲ್ಲ. ಅವಳು ನೋಡಲೆಂದು ಅವನು ತಾಟಿನಲ್ಲಿ ಏನೂ ಬಿಡದೆ ಉಂಡ.

ಮಧ್ಯಾಹ್ನ ಅಂಗಡಿಯ ನೆರಳಿನಲ್ಲಿ ಮರ್ದಾನಸಾಬ ಗೋಡೆಗೆ ಒರಗಿ ಕೂತ. ಎದುರಿಗೆ ಯಾರದೋ ಗಾಲಿ ನೇತುಹಾಕಿತ್ತು, ಗಾಳಿಗೆ ತಾನೇ ತಿರುಗುತ್ತಿತ್ತು. ಸುಮ್ಮನಿದ್ದುಬಿಟ್ಟರಾಯಿತು. ಯಾರೂ ಏನೂ ಹೇಳುವುದಿಲ್ಲ. ಬಿಗಿಯುತ್ತ ಇರುವುದು, ಅವರು ಸಡಿಲಿಸುತ್ತ ಇರುವುದು; ಸಾಯುವತನಕ ಹೀಗೇ ಸಾಗಿಸಬಹುದು, ಹೆಸರು ಉಳಿಯುತ್ತದೆ. ಆ ಯೋಚನೆ ಕಂಬಳಿಯ ಹಾಗೆ ಬೆಚ್ಚಗಿತ್ತು, ಅದರೊಳಗೆ ಕಣ್ಣು ಮುಚ್ಚಿದವು. ಕೆರೆಯ ಏರಿಯ ಮೇಲಿಂದ ಹುಚ್ಚೀರಪ್ಪ ಇಳಿಯುತ್ತಿದ್ದ. ಕ್ಯಾನುಗಳು ತುಂಬಿದ್ದವು, ಸದ್ದು ಮಾಡುತ್ತಿರಲಿಲ್ಲ. ಗಾಲಿಯಿಂದ ರೆಕ್ಕೆಯ ಸದ್ದು ಬರುತ್ತಿತ್ತು. ಸರಳುಗಳು ಬಿಟ್ಟುಕೊಂಡು ಗಾಳಿಯಲ್ಲಿ ಮೆಲ್ಲಗೆ ಆಡುತ್ತಿದ್ದವು, ಹುಚ್ಚೀರಪ್ಪ ಬ್ರೇಕು ಹಿಡಿಯುತ್ತಿದ್ದ, ಹಿಡಿದು ಹಿಡಿದು ಈ ಕಡೆ ನೋಡಿ ನಗುತ್ತಿದ್ದ, ಚೊಲೋ ಆತು ಮರ್ದಾನಣ್ಣ, ಚೊಲೋ ಆತು ಅನ್ನುತ್ತಿದ್ದ. ಅವನ ಹಿಂದೆ ಮೊಣಕೈಗೆ ಪಟ್ಟಿ ಕಟ್ಟಿದ ಶಿವಲಕ್ಷ್ಮಿ, ಅವಳ ಹಿಂದೆ ಊರಿಗೂರೇ ಸಾಲುಹಿಡಿದು ಇಳಿಯುತ್ತಿತ್ತು, ಎಲ್ಲರೂ ನಗುತ್ತಿದ್ದರು, ಯಾರಿಗೂ ನಿಲ್ಲಲು ಬರುತ್ತಿರಲಿಲ್ಲ. ಕೆಳಗೆ ನೀರು ಬೆಳ್ಳಗೆ ಹೊಳೆಯುತ್ತಿತ್ತು. ಅವನು ತೀರದಲ್ಲಿ ನಿಂತು ಎರಡೂ ಕೈ ಚಾಚಿದ್ದ. ತಡೆದು ಹಿಡಿಯಬೇಕಾದ ಆ ಕೈಗಳು ಮುಚ್ಚಿಕೊಳ್ಳುತ್ತಲೇ ಇರಲಿಲ್ಲ. ಎಚ್ಚರಾದಾಗ ಅಂಗಿ ಬೆನ್ನಿಗೆ ಅಂಟಿತ್ತು. ಹೆಸರು ಉಳಿಯುವುದು ಇಂಥದಕ್ಕೇನು ಎಂದು ತನ್ನಷ್ಟಕ್ಕೆ ಅಂದುಕೊಂಡ. ಅಪ್ಪ ಯಾಕೆ ತನ್ನ ಮುಷ್ಟಿ ಹಿಚುಕುತ್ತಿದ್ದ ಎಂಬುದೂ ಈಗ ಹೊಳೆದ ಹಾಗಾಯಿತು. ಕೊನೆಕೊನೆಗೆ ಆ ಹಿಚುಕು ನೋಯುತ್ತಿರಲಿಲ್ಲ. ಮಗ ಗಟ್ಟಿಯಾದ ಎಂದು ಅಪ್ಪ ಹೇಳಿದ್ದನ್ನು ಇಬ್ಬರೂ ನಂಬಿದ್ದರು, ಸೋತದ್ದು ಅಪ್ಪನ ಕೈ.

ಸಂಜೆಯ ಹಾಲು ಹಾಕಿ ಮುಗಿಸಿ ಹುಚ್ಚೀರಪ್ಪ ಬಂದ. ಒಂದು ಕ್ಯಾನಿನ ಬಾಯಿಗೆ ಅರಿವೆ ಕಟ್ಟಿತ್ತು. ಮುಚ್ಚಳ ಇಲ್ಲೇನಾದರೂ ಬಿಟ್ಟಿದ್ದೇನೋ ಎಂದು ಕೇಳಿದ. ಮರ್ದಾನಸಾಬ ಒಳಗಿನಿಂದ ಮುಚ್ಚಳ ತಂದು ಕಟ್ಟೆಯ ಮೇಲೆ ಅಂಗಾತ ಇಟ್ಟ. ಅದರೊಳಗೆ ಧೂಳು ಒರೆಸಿದ ಸ್ಕ್ರೂಗಳು ರಾಶಿಯಾಗಿದ್ದವು.

"ಮುಂಜಾನೆ ಕೊಡಾಕ ಬಂದಿದ್ನಿ. ಬೇವಿನ ಗಿಡದತನಕ."

ಹುಚ್ಚೀರಪ್ಪ ಸ್ಕ್ರೂಗಳನ್ನು ನೋಡಿದ, ಗೆಳೆಯನನ್ನು ನೋಡಿದ, ಕದ್ದು ಸಿಕ್ಕಿಬಿದ್ದವನ ಹಾಗೆ ಟವೆಲು ಹೆಗಲಿನಿಂದ ತೆಗೆದು ಮತ್ತೆ ಹೆಗಲಿಗೇ ಹಾಕಿಕೊಂಡ. ಏನೋ ಹೇಳಲು ಹೊರಟವನನ್ನು ಮರ್ದಾನಸಾಬ ತಡೆದು, ಸೈಕಲ್ಲಿನ ಮುಂದೆ ಕೂತು, ಸ್ಕ್ರೂಗೆ ಪಾನಾ ಹಚ್ಚಿದ. ಬೆಳಿಗ್ಗೆ ಬಿಗಿದದ್ದು ಬೆರಳಿಗೇ ತಿರುಗುವಷ್ಟು ಸಡಿಲಾಗಿತ್ತು. ಇನ್ನೊಂದು ದಿನ ತಡೆದಿದ್ದರೆ ಇದೂ ದಾರಿಯಲ್ಲಿ ಬೀಳುತ್ತಿತ್ತು. ಸರಳನ್ನು ಒಂದು ಕೈಯಲ್ಲಿ ಆನಿಸಿ ಹಿಡಿದುಕೊಂಡು, ತಲೆ ಎತ್ತದೆ ಹೇಳಿದ:

"ನೀ ಹಿಡಿ."

"ನಾನು? ನಿನ್ನ ಅಂಗಡ್ಯಾಗ ನಾ ಎಂದ ಬ್ರೇಕ್ ಹಿಡದೇನಿ ಮರ್ದಾನಣ್ಣ?"

"ಇವತ್ತ ಹಿಡಿ. ನಿಂಗ ಹೆಂಗ ಬೇಕು ಹೇಳು, ಹಂಗ ಬಿಗೀತೀನಿ."

ಎದುರಿನ ಕಾಳಿನ ಅಂಗಡಿಯ ಹಮಾಲ ಈ ಕಡೆ ನೋಡುತ್ತಿದ್ದ. ಅಪ್ಪನ ಅಕ್ಷರಗಳು ಬೋರ್ಡಿನ ಮೇಲೆ ಬಣ್ಣದಡಿಗೆ ಹೋಗಿದ್ದವು, ಸಂಜೆಗೆ ಅವು ಕಾಣುವುದಿಲ್ಲ. ಹುಚ್ಚೀರಪ್ಪ ಹ್ಯಾಂಡಲಿನ ಮೇಲೆ ಕೈಯಿಟ್ಟು ಬ್ರೇಕು ಹಿಡಿದ. ಮರ್ದಾನಸಾಬ ಗಾಲಿ ತಿರುಗಿಸಿದ, ನಿಲ್ಲಲಿಲ್ಲ. ಸರಳು ಎಳೆದ, ನಿಲ್ಲಲಿಲ್ಲ. ಇನ್ನಷ್ಟು ಎಳೆದ. ರಬ್ಬರು ಬೆಳಗಿನ ಜಾಗಕ್ಕೇ ಬಂದು ಮುಟ್ಟಿ, ಸ್ಸ್ ಎಂದು ಸವರತೊಡಗಿತು. ಆಗ ಅವನು ತಲೆ ಎತ್ತಿ ನೋಡಿದ. ದಿನಾ ನಸುಕಿನಲ್ಲಿ ನಾಲ್ಕು ಎಮ್ಮೆ ಹಿಂಡುವ ಆ ಕೈ, ಗಂಟುಗಂಟಿನ ಬೆರಳುಗಳ ಕೈ, ಬ್ರೇಕಿನ ಮೇಲೆ ಸುಮ್ಮನೆ ಒರಗಿತ್ತು. ಬೆರಳ ಗೆಣ್ಣು ಒಂದೂ ಬೆಳ್ಳಗಾಗಿರಲಿಲ್ಲ. ಹುಚ್ಚೀರಪ್ಪ ಬೇರೆ ಕಡೆ ನೋಡುತ್ತಿದ್ದ. ಈದಗಾದಲ್ಲಿ ಕೈ ಕೊಟ್ಟವರೂ ಹೀಗೇ ಬೇರೆ ಕಡೆ ನೋಡಿದ್ದರು.

"ಹುಚ್ಚೀರಪ್ಪಾ," ಎಂದ ಮರ್ದಾನಸಾಬ. "ನನ್ನ ಕೈ ಹಿಡದಂಗ ಹಿಡೀಬ್ಯಾಡ. ನಿನ್ನ ಕೈಲೆ ಹಿಡಿ."

ಹುಚ್ಚೀರಪ್ಪನ ಕಣ್ಣು ತುಂಬಿದವು. ಅವನು ಹಿಡಿದ. ಸರಳು ಮರ್ದಾನಸಾಬನ ಬೆರಳುಗಳ ನಡುವಿನಿಂದ ಜಗ್ಗಿಕೊಂಡು ಹೋಗುವಷ್ಟು ಜೋರಾಗಿ ಹಿಡಿದ. ಅಬ್ಬಾ, ಒಂದು ಕೈಯಲ್ಲಿ ಇಷ್ಟು ಬಲ ಇರುತ್ತದೆ ಎಂಬುದೇ ಮರ್ದಾನಸಾಬನಿಗೆ ಮರೆತುಹೋಗಿತ್ತು. ಅವನು ಸರಳನ್ನು ಕೆಳಗಿಳಿಸಿದ, ಇನ್ನೂ ಇಳಿಸಿದ. ಇಷ್ಟ ಸಾಕು ಎಂದು ಹುಚ್ಚೀರಪ್ಪ ಅಂದಲ್ಲಿ ನಿಲ್ಲಿಸಿ, ಪಾನಾಕ್ಕೆ ಮೈಭಾರವೆಲ್ಲ ಹಾಕಿ ಬಿಗಿದ. ಗಾಲಿ ತಿರುಗಿಸಿದಾಗ ಯಾವ ಸದ್ದೂ ಬರಲಿಲ್ಲ. ನಾಳೆ ಶಿವಲಕ್ಷ್ಮಿಯನ್ನೂ ಕಳಿಸಿಕೊಡು ಎಂದು ಹೇಳಿದ. ಆಕೆಯದು ಸಣ್ಣ ಕೈ, ಅದಕ್ಕೆ ಬೇರೆಯೇ ಬಿಗಿಯಬೇಕಾದೀತು. ಹುಚ್ಚೀರಪ್ಪ ಹೂಂ ಎಂದು, ಸ್ಕ್ರೂಗಳನ್ನು ಕಟ್ಟೆಯ ಮೇಲೆ ಸುರಿದು, ಮುಚ್ಚಳವನ್ನು ಕ್ಯಾನಿಗೆ ಒತ್ತಿ ಹಾಕಿಕೊಂಡು ಹೊರಟ.

ಕ್ಯಾನುಗಳು ಲಟಪಟ ಅನ್ನುತ್ತ ದೂರವಾದವು. ಮರ್ದಾನಸಾಬ ಅಂಗಡಿಯ ಮುಂದೆ ಬಂದು ನಿಂತು ಕಿವಿಗೊಟ್ಟ. ಕಾಳಿನ ಅಂಗಡಿ ದಾಟಿತು. ವಾಡೆಯ ಗೋಡೆಯ ಹತ್ತಿರ ಹೋಯಿತು. ತಿರುವು ಬಂತು. ಗೋಡೆಯ ಆಚೆಯಿಂದ ಸದ್ದು ಬರುತ್ತಲೇ ಇತ್ತು, ಸಣ್ಣಗಾಗುತ್ತ, ಮಾಗಡಿಯ ದಾರಿ ಹಿಡಿದು, ಎಲ್ಲಿಯೂ ನಿಲ್ಲದೆ ಹೋಯಿತು.